ನೋಯ್ಡಾ ಮತ್ತು ಗುರುಗ್ರಾಮ ಅಂದ್ರೆ ಸೊನ್ನೆ ಸಾಲು: ಡೇಟಾಬೇಸ್ ಕ್ವೆರಿಯ ಮೊದಲ ಪಾಠ

ಟೆಸ್ಟಿಂಗ್, ಸಪೋರ್ಟ್ ಕಡೆಯಿಂದ ಡೇಟಾ ಕೆಲಸಕ್ಕೆ ಬರ್ತಿರೋರು ಕೆಲವರು ಕೇಳಿದ್ರಿ, ಹಾಗಾಗಿ ಇವತ್ತು ಕ್ವೆರಿಯನ್ನ ಶುರುವಿನಿಂದಲೇ ಹೇಳ್ತೀನಿ.

ನೋಯ್ಡಾಗೆ ಬಂದ ಹೊಸತರಲ್ಲಿ ನಾವೊಂದಷ್ಟು ಕನ್ನಡದವರು ಸೇರಿ ರಕ್ತದಾನಿಗಳ ಪಟ್ಟಿ ಮಾಡಿದ್ವಿ. ಎಂಟೆಕ್ ಮಾಡಿದ ಜಂಬ ನೋಡಿ, ಎಕ್ಸೆಲ್ ಬೇಡ, ಡೇಟಾಬೇಸೇ ಇರಲಿ ಅಂದಿದ್ದೆ. ಒಂದೇ ಟೇಬಲ್: ಹೆಸರು, ಊರು, ರಕ್ತದ ಗುಂಪು, ಕೊನೆಯ ಸಲ ರಕ್ತ ಕೊಟ್ಟ ದಿನ. ಒಂದು ರಾತ್ರಿ ಗೆಳೆಯನ ಅತ್ತೆಯವರಿಗೆ ಬಿ ನೆಗೆಟಿವ್ ಬೇಕಾಯ್ತು. "ನೋಯ್ಡಾ ಮತ್ತು ಗುರುಗ್ರಾಮದ ಬಿ ನೆಗೆಟಿವ್‌ನವರನ್ನ ಹುಡುಕಿ ಕೊಡೋ" ಅಂದ. ಅವನು ಅಂದಂಗೇ ಬರೆದೆ:

ವೇರ್ ಊರು = 'ನೋಯ್ಡಾ' ಆ್ಯಂಡ್ ಊರು = 'ಗುರುಗ್ರಾಮ' ಆ್ಯಂಡ್ ಗುಂಪು = 'ಬಿ ನೆಗೆಟಿವ್'

ಬಂದಿದ್ದು ಸೊನ್ನೆ ಸಾಲು.

ನಾವು ಮಾತಲ್ಲಿ 'ಮತ್ತು' ಅಂದ್ರೆ ಎರಡೂ ಕಡೆಯವರನ್ನ ಕೂಡಿಸ್ತೀವಿ. ಡೇಟಾಬೇಸ್ ಒಂದೊಂದೇ ಸಾಲು ಎತ್ತಿಕೊಂಡು "ಈ ಷರತ್ತು ಇಲ್ಲಿ ನಿಜವಾ?" ಅಂತ ನೋಡುತ್ತೆ. ಒಬ್ಬನ ಊರು ನೋಯ್ಡಾನೂ ಹೌದು, ಗುರುಗ್ರಾಮನೂ ಹೌದು ಅಂತ ಇರೋಕಾಗಲ್ಲ. ಇಲ್ಲಿ ಬೇಕಿದ್ದುದು ಆರ್. ತರ್ಕವನ್ನ ಹೀಗೆ ಬೀಜಗಣಿತದಂತೆ ಬಿಡಿಸಬಹುದು ಅಂತ ಜಾರ್ಜ್ ಬೂಲ್ 1847ರಲ್ಲೇ ಬರೆದರು; ಬೂಲಿಯನ್ ಅನ್ನೋದು ಅವರ ಹೆಸರೇ.

ಮೊದಲ ಆ್ಯಂಡ್ ತೆಗೆದು ಆರ್ ಹಾಕಿದೆ. ಈಗ ನೋಯ್ಡಾದವರೆಲ್ಲ ಬಂದ್ರು, ಎ ಪಾಸಿಟಿವ್‌ನವರೂ ಸೇರಿ! ಎಸ್‌ಕ್ಯೂಎಲ್ ಮೊದಲು ಆ್ಯಂಡ್ ಬಿಡಿಸುತ್ತೆ, ಆಮೇಲೆ ಆರ್. ಶಾಲೆಯಲ್ಲಿ ಗುಣಾಕಾರ ಮೊದಲು, ಕೂಡೋದು ಆಮೇಲೆ ಅಂತಿದ್ರಲ್ಲ, ಅದೇ ಥರ. ಊರಿನ ಎರಡೂ ಷರತ್ತನ್ನ ಬ್ರ್ಯಾಕೆಟ್‌ನಲ್ಲಿ ಹಾಕಿದ ಮೇಲೆ ಸರಿಯಾಯ್ತು. ಪೂರ್ತಿ ಸರಿಯಲ್ಲ. ಗುರ್ಗಾಂವ್ 2016ರಲ್ಲಿ ಗುರುಗ್ರಾಮ ಆಯ್ತು, ಆದ್ರೆ ನಮ್ಮವರು ಎಷ್ಟೋ ಜನ ಹಳೇ ಹೆಸರೇ ಬರೆದಿದ್ರು. ಕಂಪ್ಯೂಟರ್‌ಗೆ ಅವೆರಡೂ ಬೇರೆ ಊರು.

ನಿಜವಾದ ಪೆಟ್ಟು ಬಿದ್ದಿದ್ದು ಇನ್ನೊಂದು ಕಡೆ. ಒಂದು ಸಲ ರಕ್ತ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ನಾನು ಎಲ್ಲರಿಗೂ 120 ಇಟ್ಟು, 'ಕೊನೆಯ ದಿನ ಅದಕ್ಕಿಂತ ಹಿಂದಿನದು' ಅಂತ ಷರತ್ತು ಸೇರಿಸಿದ್ದೆ. ಯಾವತ್ತೂ ರಕ್ತ ಕೊಡದವರಿಗೆ ಆ ಕಾಲಂ ಖಾಲಿ, ಅಂದ್ರೆ ನಲ್. ನಲ್ ಜೊತೆ ಯಾವ ದಿನಾಂಕ ಹೋಲಿಸಿದ್ರೂ ಉತ್ತರ ನಿಜವೂ ಅಲ್ಲ, ಸುಳ್ಳೂ ಅಲ್ಲ, 'ಗೊತ್ತಿಲ್ಲ'. ವೇರ್ ಬಿಟ್ಟುಕೊಳ್ಳೋದು ನಿಜವಾದ ಸಾಲುಗಳನ್ನ ಮಾತ್ರ. ಮುಂದೆ ನಾಟ್ ಹಾಕಿದ್ರೂ 'ಗೊತ್ತಿಲ್ಲ' ಹಾಗೇ ಉಳಿಯುತ್ತೆ. 'ಈಸ್ ನಲ್' ಅಂತ ಬೇರೆಯಾಗೇ ಕೇಳಬೇಕು.

ಆ ರಾತ್ರಿ ದೆಹಲಿಯ ಆ ತುದಿಯಿಂದ ಒಬ್ಬರು ಬಂದು ರಕ್ತ ಕೊಡೋ ಹೊತ್ತಿಗೆ ಬೆಳಗಿನ ಜಾವ ನಾಲ್ಕು. ಮುಂದಿನ ವಾರ ನಮ್ಮ ಸೊಸೈಟಿಯದೇ ಪಕ್ಕದ ಟವರ್‌ನ ಧಾರವಾಡದ ಹುಡುಗ ಲಿಫ್ಟ್ ಹತ್ರ ಸಿಕ್ಕ. ಅವನೂ ಬಿ ನೆಗೆಟಿವ್, ಪಟ್ಟಿಯಲ್ಲೇ ಇದ್ದ, ಆದ್ರೆ ಒಮ್ಮೆಯೂ ಕೊಟ್ಟಿರಲಿಲ್ಲ. "ನನಗ್ಯಾಕ ಫೋನ್ ಮಾಡ್ಲಿಲ್ರಿ ಸರ?" ಅಂದ.

ಮನೆಗೆ ಹೋಗಿ ಬರೆದ ಷರತ್ತು ಇದು, ಸ್ಕ್ರೀನ್ ನೋಡಿ:

ವೇರ್ ಊರು ಇನ್ ('ನೋಯ್ಡಾ', 'ಗುರುಗ್ರಾಮ', 'ಗುರ್ಗಾಂವ್') ಆ್ಯಂಡ್ ಗುಂಪು = 'ಬಿ ನೆಗೆಟಿವ್' ಆ್ಯಂಡ್ (ಕೊನೆಯ_ದಿನ < ಇವತ್ತು - 120 ಆರ್ ಕೊನೆಯ_ದಿನ ಈಸ್ ನಲ್)