ಮಗುವಿನ ಕಡತ ಹೊತ್ತ ತಾಯಿ: ಆಟಿಸಂ ಉಳ್ಳ ಮಕ್ಕಳ ಸಂಯೋಜಿತ ಚಿಕಿತ್ಸೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೆಂಗಳೂರಿನ ಪಶ್ಚಿಮಕ್ಕೆ, ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿರುವ ಲಗ್ಗೆರೆ ಹಿಂದೊಮ್ಮೆ ಹಳ್ಳಿ. ಇಂದು ಅದು ಹೊರವರ್ತುಲ ರಸ್ತೆಯ ಪಕ್ಕದ ಕಿಕ್ಕಿರಿದ ಬಡಾವಣೆ. ಕುಣಿಗಲ್, ಮಾಗಡಿ, ನಾಗಮಂಗಲ, ಶಿರಾ ಕಡೆಗಳಿಂದಲೂ ಉತ್ತರ ಕರ್ನಾಟಕದಿಂದಲೂ ಬಂದವರು ಅಲ್ಲಿ ಬಾಡಿಗೆ ಮನೆ ಹಿಡಿದು ಗಾರ್ಮೆಂಟ್ಸ್‌ಗಳಲ್ಲಿ, ಲೇತ್ ಯಂತ್ರಗಳ ಸಣ್ಣ ಘಟಕಗಳಲ್ಲಿ ದುಡಿಯುತ್ತಾರೆ. ಅವರಲ್ಲಿ ಅನೇಕರ ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು, ಅಜ್ಜನ ಮನೆ ಇಂದಿಗೂ ತಮ್ಮಂಥವರ ಪಂಚಾಯತಿಯಲ್ಲಿಯೇ ಇವೆ. ಆದುದರಿಂದ ಲಗ್ಗೆರೆಯ ಮಾತು ನಗರ ಪಾಲಿಕೆಯ ಮಾತು ಮಾತ್ರವಲ್ಲ.

ಅಲ್ಲಿನ ಒಬ್ಬ ತಾಯಿಯ ಒಂದು ದಿನವನ್ನು ಗಮನಿಸಬಹುದು. ಇದು ಒಬ್ಬ ನಿರ್ದಿಷ್ಟ ಮಹಿಳೆಯ ಕಥೆಯಲ್ಲ, ಅಂಥ ಹಲವರ ದಿನಚರಿಯನ್ನು ಕೂಡಿಸಿದ ಚಿತ್ರ. ಮಗನಿಗೆ ಏಳು ವರ್ಷ, ಆಟಿಸಂ ಇದೆ. ರಾತ್ರಿ ಎರಡು ಗಂಟೆಗೆ ಎಚ್ಚರಗೊಂಡರೆ ಮತ್ತೆ ನಿದ್ರಿಸುವುದಿಲ್ಲ. ಬೆಳಗಾಗುತ್ತಲೇ ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಕಡತವನ್ನಿಟ್ಟುಕೊಂಡು ಮೆಜೆಸ್ಟಿಕ್‌ಗೆ ಬಸ್ಸು ಹತ್ತುತ್ತಾಳೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಹೊಸೂರು ರಸ್ತೆಯ ನಿಮ್ಹಾನ್ಸ್ ತಲುಪುತ್ತಾಳೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಅವಳ ಟಿಕೆಟ್ ಉಳಿದಿದೆ, ಮಗನದ್ದು ಉಳಿದಿಲ್ಲ. ಬಸ್ಸಿನಲ್ಲಿ ಮಗು ಕಿವಿ ಮುಚ್ಚಿಕೊಂಡು ಚೀರಿದಾಗ, "ಮಗೂನ ಸರಿಯಾಗಿ ಬೆಳೆಸಿಲ್ಲ" ಎಂಬ ಮಾತು ಹಿಂದಿನ ಸೀಟಿನಿಂದ ಕೇಳಿಬರುತ್ತದೆ. ಆ ದಿನದ ಕೂಲಿ ಹೋಯಿತು. ಮರುದಿನ ವಾಕ್ ಚಿಕಿತ್ಸೆ ಬೇರೊಂದು ಕಡೆ, ಅದರ ಮರುದಿನ ಶಾಲೆಯವರು ಕರೆದಿದ್ದಾರೆ. ಮೂರನೆಯ ತಿಂಗಳಿಗೆ ಅವಳು ಕೆಲಸ ಬಿಡುತ್ತಾಳೆ. ಕಾರ್ಖಾನೆಯ ಶಿಶುಪಾಲನಾ ಕೇಂದ್ರ ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ಆಟಿಸಂಗೆ ಆ ಲೆಕ್ಕ ತಿಳಿಯದು.

ಕೆಲಸ ಬಿಟ್ಟ ಮೇಲೆ ಇನ್ನೊಂದು ನಷ್ಟವೂ ಸದ್ದಿಲ್ಲದೆ ಆಗುತ್ತದೆ. ಅವಳ ವೇತನದಿಂದ ಕಡಿತವಾಗುತ್ತಿದ್ದ ಇ.ಎಸ್.ಐ. ವಂತಿಗೆಯ ಬಲದಿಂದ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ಇಡೀ ಕುಟುಂಬಕ್ಕೆ ತೆರೆದಿತ್ತು. ಮಾನಸಿಕ ಅಥವಾ ದೈಹಿಕ ನ್ಯೂನತೆಯಿಂದಾಗಿ ಪೂರ್ಣವಾಗಿ ವಿಮಾದಾರರನ್ನೇ ಅವಲಂಬಿಸಿರುವ ಮಗುವಿಗೆ ವಯಸ್ಸಿನ ಮಿತಿಯಿಲ್ಲದೆ ಆ ಸೌಲಭ್ಯ ಮುಂದುವರಿಯುವ ಅವಕಾಶ ಕಾನೂನಿನಲ್ಲಿದೆ. ಮಗುವಿಗಾಗಿಯೇ ಕೆಲಸ ಬಿಟ್ಟವಳು ಮಗುವಿಗೆ ಅತ್ಯಂತ ಅಗತ್ಯವಾದುದನ್ನೇ ಕಳೆದುಕೊಳ್ಳುತ್ತಾಳೆ. ಗಂಡನಿಗೂ ಇ.ಎಸ್.ಐ. ಇದ್ದರೆ ಬಚಾವು. ದಿನಗೂಲಿಯವನಾದರೆ ಇಲ್ಲ.

ಆಟಿಸಂ ಅಥವಾ ಸ್ವಲೀನತೆ ಎಂಬುದು ಮಿದುಳಿನ ಬೆಳವಣಿಗೆಯಲ್ಲಿ ಹುಟ್ಟಿನಿಂದಲೇ ಇರುವ ಭಿನ್ನತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಇದು ಇತ್ತು. ಈ ಲೆಕ್ಕವನ್ನು ತಮ್ಮ ಪಂಚಾಯತಿಯ ಜನಸಂಖ್ಯೆಗೆ ಹಚ್ಚಿ ನೋಡಿ, ಬಳಿಕ ಪಂಚಾಯತಿಯ ವಿಕಲಚೇತನರ ಪಟ್ಟಿಯನ್ನು ತೆರೆಯಿರಿ. ಪಟ್ಟಿಯಲ್ಲಿ ಒಂದೋ ಎರಡೋ ಹೆಸರು ಇದ್ದರೆ ಹೆಚ್ಚು. ಉಳಿದವರು "ಮಾತು ತಡ", "ಹಠಮಾರಿ", "ಬುದ್ಧಿ ಸ್ವಲ್ಪ ಕಡಿಮೆ" ಎಂಬ ಹೆಸರುಗಳಲ್ಲಿ ಮನೆಯೊಳಗಿದ್ದಾರೆ.

ಇಂಥ ಮಗುವಿಗೆ ಒಬ್ಬ ವೈದ್ಯರು ಸಾಲುವುದಿಲ್ಲ. ಮಕ್ಕಳ ತಜ್ಞರು, ಮಕ್ಕಳ ಮನೋವೈದ್ಯರು, ವಾಕ್ ಚಿಕಿತ್ಸಕರು, ದೈನಂದಿನ ಚಟುವಟಿಕೆಗಳನ್ನು ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟರು, ವಿಶೇಷ ಶಿಕ್ಷಕರು ಬೇಕು. ಮೂರ್ಛೆರೋಗ ಜೊತೆಗಿದ್ದರೆ ನರರೋಗ ತಜ್ಞರು. ಹಲ್ಲು ನೋವಾದರೆ ಬಾಯಿ ತೆರೆಸಲು ತಾಳ್ಮೆಯುಳ್ಳ ದಂತವೈದ್ಯರು. ಇವರಲ್ಲಿ ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರಬಹುದು. ಆದರೆ ಒಬ್ಬರು ಬರೆದುದನ್ನು ಇನ್ನೊಬ್ಬರು ಕಾಣುವುದಿಲ್ಲ. ಕುಡಿಯುವ ನೀರಿನ ಕಾಮಗಾರಿಗಳನ್ನು ಕಂಡ ಸದಸ್ಯರಿಗೆ ಇದು ಹೊಸತಲ್ಲ. ಕೊಳವೆಬಾವಿಯಲ್ಲಿ ನೀರಿದೆ, ಮೋಟಾರು ಚೆನ್ನಾಗಿದೆ, ಮೇಲ್ತೊಟ್ಟಿಯೂ ಗಟ್ಟಿಯಾಗಿದೆ. ಪೈಪುಗಳ ಜೋಡಣೆ ಆಗಿಲ್ಲದ ಕಾರಣ ಓಣಿಯ ನಲ್ಲಿಯಲ್ಲಿ ಗಾಳಿ ಬರುತ್ತದೆ. ಈ ವ್ಯವಸ್ಥೆಯಲ್ಲಿ ಎಲ್ಲ ಜೋಡಣೆಗಳ ಜಾಗದಲ್ಲಿಯೂ ನಿಂತಿರುವವಳು ತಾಯಿ. ಸಂಬಳವಿಲ್ಲದ, ರಜೆಯಿಲ್ಲದ ಸಂಯೋಜಕಿ ಅವಳೇ.

ವಿಶೇಷ ಅಗತ್ಯವುಳ್ಳ ಮಗುವಿನ ದಾಖಲೆಗಳೆಲ್ಲ ಒಂದೇ ಕಡೆ ಇರಬೇಕೆಂಬ ವಿಚಾರವನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1967ರಲ್ಲಿಯೇ ಮುಂದಿಟ್ಟು, ಅದನ್ನು 'ವೈದ್ಯಕೀಯ ಮನೆ' ಎಂದು ಕರೆಯಿತು. ನಮ್ಮಲ್ಲಿಯೂ ಅಂಥ ಒಂದು ವಸ್ತುವಿದೆ, ಅದೇ ತಾಯಿ ಕಾರ್ಡ್. ಗರ್ಭಿಣಿಯಾದಾಗಿನಿಂದ ಮಗುವಿನ ಚುಚ್ಚುಮದ್ದಿನವರೆಗೆ ಎಲ್ಲವನ್ನೂ ಅದರಲ್ಲಿ ಬರೆಯಲಾಗುತ್ತದೆ, ಯಾವ ಊರಿಗೆ ಹೋದರೂ ಆ ಕಾರ್ಡು ಮಾತನಾಡುತ್ತದೆ. ಚುಚ್ಚುಮದ್ದು ಮುಗಿದ ಮೇಲೆ ಅದು ಬೀರುವಿನೊಳಗೆ ಸೇರುತ್ತದೆ. ಆಟಿಸಂ ಉಳ್ಳ ಮಗುವಿನ ನಿಜವಾದ ಓಡಾಟ ಆರಂಭವಾಗುವುದು ಆಗಲೇ.

ತಾಯಿಯ ಆರೋಗ್ಯದ ಮಾತು ಇಲ್ಲಿಯೇ ಬರುತ್ತದೆ. ಆಟಿಸಂ ಉಳ್ಳ ಮಕ್ಕಳ ತಾಯಂದಿರಲ್ಲಿ ಖಿನ್ನತೆ, ಆತಂಕ ಹಾಗೂ ನಿದ್ರಾಹೀನತೆ ಇತರ ತಾಯಂದಿರಿಗಿಂತ ಹೆಚ್ಚೆಂದು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಕಾರಣವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮಗು ಮಲಗದಿದ್ದರೆ ತಾಯಿಯೂ ಮಲಗುವುದಿಲ್ಲ, ಬೆಳೆದ ಮಗುವನ್ನು ಎತ್ತಿ ಇಳಿಸಿ ಸೊಂಟ ನೋಯುತ್ತದೆ, ತನ್ನ ರಕ್ತಹೀನತೆಗೆ ಮಾತ್ರೆ ತರಲು ಸರದಿಯಲ್ಲಿ ನಿಲ್ಲುವಷ್ಟು ಹೊತ್ತು ಮಗು ನಿಲ್ಲುವುದಿಲ್ಲ. ಮಗುವಿನ ಕಡತ ಎರಡು ಕಿಲೋ ತೂಗುತ್ತದೆ, ಅವಳದ್ದು ಒಂದು ಹಾಳೆಯೂ ಇರುವುದಿಲ್ಲ. ಮದುವೆ, ಜಾತ್ರೆ, ಊರಹಬ್ಬಗಳಿಗೆ ಕರೆಯುವುದನ್ನು ಬಂಧುಗಳು ಮೊದಲು ಮರೆಯುತ್ತಾರೆ, ಬಳಿಕ ನಿಲ್ಲಿಸುತ್ತಾರೆ.

ಇದಕ್ಕೆ ಮೇಲೆ ದೂಷಣೆ ಬೇರೆ. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ಮನೋವೈದ್ಯರು 1943ರಲ್ಲಿ ಆಟಿಸಂ ಅನ್ನು ವಿವರಿಸಿದ ಮೇಲೆ, ಮುಂದಿನ ಎರಡು ದಶಕಗಳ ಕಾಲ ಅಲ್ಲಿನ ದೊಡ್ಡ ದೊಡ್ಡ ವಿದ್ವಾಂಸರೇ ಮಮತೆಯಿಲ್ಲದ 'ಶೀತಲ ತಾಯಿ'ಯೇ ಇದಕ್ಕೆ ಕಾರಣವೆಂದು ಬೋಧಿಸಿದರು. ತಾನೂ ಅಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು. 1977ರಲ್ಲಿ ಅವಳಿ ಮಕ್ಕಳ ಅಧ್ಯಯನವೊಂದು ಅನುವಂಶೀಯತೆಯ ಪಾತ್ರವನ್ನು ತೋರಿಸಿತು. ಅಲ್ಲಿ ಸತ್ತ ಸಿದ್ಧಾಂತ ನಮ್ಮ ಜಗುಲಿಗಳಲ್ಲಿ ಬೇರೆ ವೇಷದಲ್ಲಿ ಬದುಕಿದೆ. ಗ್ರಹಣ ನೋಡಿದಳು, ಹರಕೆ ತೀರಿಸಲಿಲ್ಲ, ಬಸುರಿಯಲ್ಲಿ ಕೆಲಸಕ್ಕೆ ಹೋದಳು. ಈಗಿನದು, ಮೊಬೈಲು ಕೊಟ್ಟು ಕೆಡಿಸಿದಳು ಎಂಬುದು. ಅತಿಯಾದ ಮೊಬೈಲು ಯಾವ ಮಗುವಿಗೂ ಒಳ್ಳೆಯದಲ್ಲ, ಆದರೆ ಅದು ಆಟಿಸಂ ಉಂಟುಮಾಡುತ್ತದೆಂಬುದು ಸಿದ್ಧಪಟ್ಟಿಲ್ಲ. ಚುಚ್ಚುಮದ್ದೂ ಕಾರಣವಲ್ಲ. ಹಾಗೆಂದು 1998ರಲ್ಲಿ ಸುದ್ದಿ ಎಬ್ಬಿಸಿದ ಲೇಖನವನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಗ್ರಾಮ ಸಭೆಯಲ್ಲಿ ಒಬ್ಬ ಸದಸ್ಯರು ಎದ್ದು ನಿಂತು "ಇದರಲ್ಲಿ ಹೆತ್ತವಳ ತಪ್ಪಿಲ್ಲ" ಎಂದು ಹೇಳುವುದಕ್ಕೆ ಯಾವ ಅನುದಾನವೂ ಬೇಕಾಗಿಲ್ಲ.

ಇನ್ನು ವ್ಯವಸ್ಥೆಯ ಮಾತು. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಆಟಿಸಂ ಅನ್ನು 21 ವಿಧದ ವೈಕಲ್ಯಗಳಲ್ಲಿ ಒಂದಾಗಿ ಗುರುತಿಸಿದೆ. ಅಧಿಕ ಬೆಂಬಲ ಅಗತ್ಯವಿರುವವರಿಗೆ ಆರೈಕೆದಾರರ ಭತ್ಯೆಯ ಪ್ರಸ್ತಾಪವೂ ಅದರ 24ನೇ ಪ್ರಕರಣದಲ್ಲಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕು. ತಂಡವು ಶಂಕಿಸಿದ ಮಗು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗಬೇಕು. ಮಕ್ಕಳ ತಜ್ಞರಿಂದ ವಿಶೇಷ ಶಿಕ್ಷಕರವರೆಗೆ ಎಲ್ಲರೂ ಒಂದೇ ಸೂರಿನಡಿ ಇರಬೇಕೆಂಬುದೇ ಆ ಕೇಂದ್ರದ ಕಲ್ಪನೆ. ಸಂಯೋಜಿತ ಚಿಕಿತ್ಸೆ ಎಂದರೆ ಇದೇ. ಕಾಗದದ ಮೇಲೆ ಜೋಡಣೆ ಪೂರ್ಣವಾಗಿದೆ. ತಪ್ಪುವುದು ತಂಡ ಬಂದ ದಿನ ಮಗು ಗೈರಾದಾಗ, ಅಥವಾ ಚೀಟಿ ಬರೆದುಕೊಟ್ಟ ಮೇಲೆ ಅವರು ಹೋದರೇ ಎಂದು ಯಾರೂ ಕೇಳದಿದ್ದಾಗ.

ಕೇಳಬಲ್ಲವರು ತಮ್ಮ ಪಂಚಾಯತಿಯಲ್ಲಿಯೇ ಇದ್ದಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಸ್ವತಃ ವಿಕಲಚೇತನರು. ವೈಕಲ್ಯದ ಬದುಕು ಅವರಿಗೆ ಪುಸ್ತಕದ ಪಾಠವಲ್ಲ. ಹಲವೆಡೆ ಅವರನ್ನು ಕಚೇರಿಯ ಇತರ ಕೆಲಸಗಳಿಗೆ ಹಚ್ಚುವುದುಂಟು. ಅದನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ, ಬೇಕಾದುದನ್ನು ಬೆರಳು ಮಾಡಿ ತೋರದ ಮಗು. ಒಂದೂವರೆ ವರ್ಷವಾದರೂ ಒಂದು ಪದ ಆಡದ, ಆಡುತ್ತಿದ್ದ ಪದಗಳನ್ನೇ ಬಿಟ್ಟ ಮಗು: ಇವನ್ನು ಅಂಗನವಾಡಿ ಕಾರ್ಯಕರ್ತೆ, ಕೂಸಿನ ಮನೆಯ ಆರೈಕೆದಾರರು, ಆಶಾ ಕಾರ್ಯಕರ್ತೆ ಗಮನಿಸಿ ಅವರಿಗೆ ತಿಳಿಸಬೇಕು. "ಅವರಪ್ಪನಿಗೂ ಮಾತು ತಡವೇ" ಎಂದು ಮನೆಯ ಹಿರಿಯರು ಹೇಳುವರು. ಹಿರಿಯರು ಹೇಳಿದ್ದು ನಿಜವಾದರೆ ತಪಾಸಣೆಯಿಂದ ನಷ್ಟವೇನಿಲ್ಲ, ನಿಜವಾಗದಿದ್ದರೆ ಎರಡು ಅಮೂಲ್ಯ ವರ್ಷಗಳು ಉಳಿಯುತ್ತವೆ.

ಮುಂದಿನದು ಕಾಗದಗಳ ಕೆಲಸ. ಯು.ಡಿ.ಐ.ಡಿ. ಕಾರ್ಡಿಲ್ಲದೆ ಮಾಸಾಶನವಿಲ್ಲ, ಬಸ್ ಪಾಸಿಲ್ಲ. ಚಿಕ್ಕ ಮಕ್ಕಳಿಗೆ ತಾತ್ಕಾಲಿಕ ಪ್ರಮಾಣಪತ್ರ ನೀಡುವುದರಿಂದ ನವೀಕರಣದ ದಿನಾಂಕವನ್ನು ಪಂಚಾಯತಿಯ ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ 'ನಿರಾಮಯ' ಎಂಬ ಆರೋಗ್ಯ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂಪಾಯಿಗಳವರೆಗೆ ರಕ್ಷಣೆ, ನಿಗದಿತ ಮಿತಿಯೊಳಗೆ ಥೆರಪಿಯ ವೆಚ್ಚವೂ ಅದರಲ್ಲಿ ಸೇರುತ್ತದೆ, ಮೊದಲೇ ವೈದ್ಯಕೀಯ ಪರೀಕ್ಷೆಯ ಷರತ್ತಿಲ್ಲ. ಆದರೆ ಹಣವನ್ನು ಮೊದಲು ಕಟ್ಟಿ ಬಿಲ್ಲು ಕಳುಹಿಸಿ ಮರಳಿ ಪಡೆಯಬೇಕು. ಬಿಲ್ಲುಗಳನ್ನು ಸ್ಕ್ಯಾನ್ ಮಾಡಿ ಕಳುಹಿಸುವ ಒಂದು ತಾಸಿನ ಕೆಲಸಕ್ಕಾಗಿ ಎಷ್ಟೋ ಕುಟುಂಬಗಳು ಈ ಹಣವನ್ನೇ ಬಿಟ್ಟಿವೆ. ಬಾಪೂಜಿ ಸೇವಾ ಕೇಂದ್ರದ ಗಣಕಯಂತ್ರ ನಿರ್ವಾಹಕರು ತಿಂಗಳಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬಹುದು.

ಪಂಚಾಯತಿಯ ಸ್ವಂತ ಸಂಪನ್ಮೂಲದ ಶೇ. 5ರ ಮೊತ್ತ ವಿಕಲಚೇತನರಿಗೆ ಮೀಸಲು. ವಾಸ್ತವದಲ್ಲಿ ಇದು ವರ್ಷದ ಕೊನೆಯಲ್ಲಿ ತರಾತುರಿಯಿಂದ ಖರ್ಚಾಗುತ್ತದೆ: ತ್ರಿಚಕ್ರ ವಾಹನ, ಊರುಗೋಲು, ಡಿಸೆಂಬರ್ 3ರಂದು ಶಾಲು. ಅವು ಬೇಕಾದವರಿಗೆ ಬೇಕು. ಓಡಾಡಬಲ್ಲ, ಆದರೆ ಓಡಿಹೋಗುವ ಮಗುವಿಗೆ ತ್ರಿಚಕ್ರ ವಾಹನದಿಂದ ಏನು ಪ್ರಯೋಜನ? ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯು ಚಾಲ್ತಿಯಲ್ಲಿರುವ ಮಾರ್ಗಸೂಚಿಯ ಮಿತಿಯೊಳಗೆ ಎರಡು ಮೂರು ಪಂಚಾಯತಿಗಳಿಗೆ ಸೇರಿ ವಾರಕ್ಕೊಮ್ಮೆ ಚಿಕಿತ್ಸಕರು ಬರುವ ವ್ಯವಸ್ಥೆ ಮಾಡಿದರೆ, ಐದು ತಾಯಂದಿರು ಬೆಂಗಳೂರಿಗೆ ಹೋಗುವ ಬದಲು ಒಬ್ಬ ಚಿಕಿತ್ಸಕರು ಹಳ್ಳಿಗೆ ಬರುತ್ತಾರೆ. ಖಾಲಿ ಬಿದ್ದಿರುವ ಸಮುದಾಯ ಭವನದ ಒಂದು ಕೋಣೆ ಸಾಕು. ಫ್ಯಾನಿನ ಸದ್ದು ಕಡಿಮೆಯಿರಲಿ.

ಆ ಕೋಣೆಯಿಂದ ಇನ್ನೊಂದು ಲಾಭವುಂಟು. ಮಗು ಒಳಗಿರುವ ಒಂದು ಗಂಟೆ ತಾಯಂದಿರು ಹೊರಗೆ ಒಟ್ಟಿಗೆ ಕುಳಿತಿರುತ್ತಾರೆ. ತನ್ನಂಥವಳು ಇನ್ನೊಬ್ಬಳಿದ್ದಾಳೆ ಎಂಬುದನ್ನು ಮೊದಲ ಬಾರಿ ಕಾಣುತ್ತಾರೆ. ಮೇರಿ ಬರುವಾ ಎಂಬ ತಾಯಿ 1991ರಲ್ಲಿ ದೆಹಲಿಯಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಸಂಸ್ಥೆಯನ್ನು ಕಟ್ಟಿದರು. ತಾಯಿ ಮತ್ತು ಮಗು ಜೊತೆಯಾಗಿ ಕಲಿಯುವ ಅದರ ತರಬೇತಿ ಹೆಸರಾಯಿತು. ಬೆಂಗಳೂರಿನಲ್ಲಿ ವಾಕ್ ಮತ್ತು ಭಾಷಾ ತಜ್ಞೆ ಡಾ. ಪ್ರತಿಭಾ ಕಾರಂತ್ ರೂಪಿಸಿದ ಕಾಮ್ ಡೀಲ್ ಕಾರ್ಯಕ್ರಮವೂ ಶಾಲೆಗೆ ಸೇರುವ ಮುನ್ನವೇ ಪೋಷಕರನ್ನು ಸೇರಿಸಿಕೊಂಡು ಮಗುವಿನೊಡನೆ ದುಡಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ತಾಯಿಯೇ ಮೊದಲ ಚಿಕಿತ್ಸಕಿ' ಎಂಬ ಮಾತು ಕೇಳಲು ಚೆಂದ. ಅಡುಗೆ, ಕೂಲಿ, ಅತ್ತೆಯ ಆರೈಕೆಗಳ ಮೇಲೆ ಇದನ್ನೂ ಹೇರಿದರೆ ಅದು ಗೌರವದ ಹೆಸರಿನ ಇನ್ನೊಂದು ಹೊರೆ. ತರಬೇತಿಗೆ ತಂದೆಯನ್ನೂ ಕರೆಯಬೇಕು, ಅವನು ಬರುವ ಭಾನುವಾರವೇ ಅದನ್ನು ಇಡಬೇಕು.

ಸಮುದಾಯ ಆರೋಗ್ಯ ಅಧಿಕಾರಿ ಅದೇ ಒಂದು ಗಂಟೆಯಲ್ಲಿ ತಾಯಂದಿರ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್ ನೋಡಬಹುದು; ನಿದ್ರೆ ಬರುತ್ತಿದೆಯೇ, ಬದುಕು ಬೇಡವೆನಿಸುತ್ತಿದೆಯೇ ಎಂದು ಕೇಳಬಹುದು. ಹೌದೆಂದವರಿಗೆ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಸಿ. ಪಂಚಾಯತಿ ಕಚೇರಿಯ ಗೋಡೆಗೆ ಅವಳು ಬರುವುದು ಅಪರೂಪ.

ದಣಿದ ತಾಯಿಯನ್ನು ಹುಡುಕಿಕೊಂಡು ಬರುವವರು ಬೇರೆಯೂ ಇದ್ದಾರೆ. ಕಾಂಡಕೋಶ ಚಿಕಿತ್ಸೆಯಿಂದ ಆಟಿಸಂ ಗುಣವಾಗುತ್ತದೆಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಕೆಲವು ರಕ್ತಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟರೆ ಉಳಿದೆಡೆ ಅನುಮೋದಿತ ಪ್ರಯೋಗಗಳ ಹೊರಗೆ ಅದನ್ನು ಒಪ್ಪಿಲ್ಲ. ಜಮೀನು ಅಡವಿಡುವ ಮುನ್ನ ಆ ಕುಟುಂಬ ಯಾರನ್ನಾದರೂ ಕೇಳುವುದಾದರೆ ಅದು ಬಹುಶಃ ತಮ್ಮಲ್ಲೊಬ್ಬ ಸದಸ್ಯರನ್ನೇ.

ಕೊನೆಯದಾಗಿ, ಪ್ರತಿಯೊಬ್ಬ ತಾಯಿಯೂ ಕೇಳುವ ಪ್ರಶ್ನೆ: "ನಾನು ಹೋದ ಮೇಲೆ ಇವನಿಗೆ ಯಾರು?" ಹದಿನೆಂಟು ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪೋಷಕತ್ವದ ಆದೇಶ ಪಡೆಯಬೇಕು. ಬ್ಯಾಂಕ್ ಖಾತೆ, ಜಮೀನಿನ ಪಾಲು, ಮಾಸಾಶನ ಎಲ್ಲಕ್ಕೂ ಮುಂದೆ ಅದೇ ಆಧಾರ. ಪಂಚಾಯತಿಯ ವಿಕಲಚೇತನರ ವಹಿಯಲ್ಲಿ ಹದಿನೇಳು ದಾಟಿದವರ ಹೆಸರುಗಳನ್ನು ಈ ತಿಂಗಳೇ ಗುರುತಿಸಿ, ಅರ್ಜಿ ನಮೂನೆಯೊಡನೆ ಪುನರ್ವಸತಿ ಕಾರ್ಯಕರ್ತರನ್ನು ಆ ಮನೆಗಳಿಗೆ ಕಳುಹಿಸಬೇಕಾಗಿ ಕೋರಲಾಗಿದೆ.