ನೀರು ಬೇಡದ ಕಣಗಿಲೆಗೆ ಎಚ್ಚರ ಬೇಕು

(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ, ಸಂಘದ ಅಂಗಳದ ಗಿಡಗಳನ್ನು ನೋಡಿಕೊಳ್ಳುವ ಸಮಿತಿಯ ಪರವಾಗಿ ಮಾಡಿದ ಭಾಷಣ)



ಲೆಕ್ಕಪತ್ರದ ಮಾತು, ಬೋನಸ್ಸಿನ ಮಾತು ಎಲ್ಲ ಆಯಿತು. ನಮಗೆ ವಹಿಸಿರುವುದು ಗಿಡದ ಮಾತು. ಒಳಗೆ ಬರುವಾಗ ಸಂಘದ ಮುಂದಿನ ಕಣಗಿಲೆ ಸಾಲನ್ನು ತಾವೆಲ್ಲ ನೋಡಿದ್ದೀರಿ. “ಬೋರ್‌ವೆಲ್ ಬತ್ತಿದ್ರೂ ಇದು ಹ್ಯಾಗೆ ಹೂ ಬಿಡುತ್ತೆ?” ಅಂತ ಕೇಳುವವರು ಬಹಳ ಜನ.

ಕಣಗಿಲೆಯನ್ನು ನಾವು ಪೂಜೆಯ ಹೂವೆಂದು ಬಲ್ಲೆವು. ಆದರೆ ಮೊರಾಕ್ಕೊ, ಸ್ಪೇನ್‌ಗಳಿಂದ ಹಿಡಿದು ಇಟಲಿ, ಗ್ರೀಸ್, ಟರ್ಕಿಯವರೆಗೆ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಇದು ತಾನಾಗಿ ಬೆಳೆಯುವ ಗಿಡ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ಬತ್ತಿದ ಹಳ್ಳಗಳ ದಂಡೆಯಲ್ಲಿ ಕಣಗಿಲೆ ಹೂ ಬಿಟ್ಟು ನಿಂತಿರುತ್ತದೆ. ಜಪಾನಿನ ಹಿರೋಷಿಮಾದಲ್ಲಿ 1945ರ ಅಣುಬಾಂಬಿನ ನಂತರ ಬೇಗನೆ ಹೂ ಬಿಟ್ಟ ಗಿಡಗಳಲ್ಲಿ ಇದೂ ಒಂದು. 1973ರಲ್ಲಿ ಆ ನಗರ ಇದನ್ನೇ ತನ್ನ ಹೂವಾಗಿ ಆರಿಸಿಕೊಂಡಿತು.

ಇದರ ಗುಟ್ಟು ಎಲೆಯಲ್ಲಿದೆ. ಎಲೆ ದಪ್ಪ, ಮೇಲೆ ಮೇಣದ ಹೊದಿಕೆ. ಉಸಿರಾಡುವ ರಂಧ್ರಗಳು ಎಲೆಯ ಅಡಿಭಾಗದ ಸಣ್ಣ ಸಣ್ಣ ಗುಳಿಗಳೊಳಗೆ ಅಡಗಿವೆ. ಗುಳಿಯ ತುಂಬ ರೋಮ. ಬಿಸಿಗಾಳಿ ನೇರ ತಾಗುವುದಿಲ್ಲ, ನೀರು ಬೇಗ ಆರುವುದಿಲ್ಲ.

ಬೆಳೆಸುವುದು ಸುಲಭ. ಪೆನ್ಸಿಲ್ ದಪ್ಪದ, ಆರೆಂಟು ಅಂಗುಲದ ಕಡ್ಡಿ ತೆಗೆದು, ಕೆಳಗಿನ ಎಲೆ ಬಿಡಿಸಿ, ನೆರಳಿನಲ್ಲಿ ಮರಳು ಮಿಶ್ರಿತ ಮಣ್ಣಿಗೆ ಊರಬೇಕು. ಬೇರು ಬಂದ ಮೇಲೆ ಮುಂಗಾರಿನ ಮೊದಲ ಮಳೆಗೆ, ಚೆನ್ನಾಗಿ ಬಿಸಿಲು ಬೀಳುವ ಕಡೆ, ಐದಾರು ಅಡಿಗೊಂದರಂತೆ ನೆಡಬೇಕು. ಮೊದಲ ಬೇಸಿಗೆ ವಾರಕ್ಕೊಂದು ಬಿಂದಿಗೆ ನೀರು. ಆಮೇಲೆ ಅದರ ಪಾಡಿಗೆ ಅದು. ಹೂ ಬರುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಒಂದು ಸರದಿ ಹೂ ಮುಗಿದ ಮೇಲೆ ಸವರಬೇಕು.

ನಮ್ಮ ತಪ್ಪು ನಡೆದದ್ದು ಈ ಸವರುವ ಕೆಲಸದಲ್ಲೇ. ಒಂದು ಬೇಸಿಗೆಯಲ್ಲಿ ನಾವು ಗಿಡ ಸವರಿ, ಸೊಪ್ಪನ್ನು ರಸ್ತೆ ಬದಿಗೆ ರಾಶಿ ಹಾಕಿ ಮನೆಗೆ ಹೋದೆವು. ಕಹಿಯಿಂದಾಗಿ ಹಸಿ ಎಲೆಯನ್ನು ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಗಿದ ಮೇಲೆ ಹಸಿದ ದನ ತಿಂದುಬಿಡುತ್ತದೆ. ವಿಷ ಮಾತ್ರ ಹಾಗೇ ಇರುತ್ತದೆ. ಮೂರನೆಯ ದಿನ ನಮ್ಮ ಸದಸ್ಯೆಯೊಬ್ಬರ ಕರೆಯುವ ಹಸು ಆ ರಾಶಿಗೆ ಬಾಯಿ ಹಾಕಿತು. ಜೊಲ್ಲು ಸುರಿಯಿತು, ಭೇದಿಯಾಯಿತು, ಎದೆ ಬಡಿತ ತಾಳ ತಪ್ಪಿತು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಅವರ ಮನೆಗಿದ್ದದ್ದು ಅದೊಂದೇ ಹಸು.

ನಮ್ಮ ಹಿರಿಯರಿಗೆ ಇದು ಗೊತ್ತಿಲ್ಲದ್ದಲ್ಲ. ಸಂಸ್ಕೃತದಲ್ಲಿ ಕಣಗಿಲೆಗೆ ಕರವೀರ ಎಂಬಂತೆ ಹಯಮಾರಕ ಎಂಬ ಹೆಸರೂ ಇದೆ. ಅಂದರೆ ಕುದುರೆಯನ್ನು ಕೊಲ್ಲುವುದು. ಹೆಸರಿನಲ್ಲೇ ಎಚ್ಚರಿಕೆ ಇತ್ತು, ನಾವು ಮರೆತೆವು. ಬೇರು, ಕಡ್ಡಿ, ಎಲೆ, ಹೂ, ಬೀಜ ಎಲ್ಲದರಲ್ಲೂ ಹೃದಯಕ್ಕೆ ತಾಗುವ ವಿಷವಿದೆ. ಒಂದು ಹಿಡಿ ಎಲೆಯೂ ದೊಡ್ಡ ದನದ ಜೀವ ತೆಗೆಯಬಹುದು.

ಮಾರನೆಯ ಸಭೆಯಲ್ಲಿ ಎಲ್ಲರೂ “ಕಿತ್ತು ಹಾಕಿ” ಅಂದರು. ಆಗ ಹಸು ಕಳೆದುಕೊಂಡ ಆ ತಾಯಿಯೇ ಎದ್ದು ನಿಂತು, “ಗಿಡ ಏನು ಮಾಡೀತು? ಸವರಿದೋರು ಒಂದು ಮಾತು ಹೇಳ್ಬೇಕಿತ್ತು” ಅಂದರು. ನಮ್ಮ ತಲೆ ತಗ್ಗಿತು. ಸದಸ್ಯರೆಲ್ಲ ಕೈಯಿಂದ ಹಾಕಿ ಅವರಿಗೊಂದು ಹಸು ಕೊಡಿಸಿದ್ದಾಯಿತು. ಗಿಡ ಉಳಿಯಿತು. ಜೊತೆಗೆ ಕೆಲವು ಕಟ್ಟಳೆ ಬಂತು. ಅದನ್ನು ತಮ್ಮ ಮುಂದೆ ಓದುತ್ತೇವೆ:

ಕೊಟ್ಟಿಗೆ, ಬಾವಿ, ನೀರಿನ ತೊಟ್ಟಿಯ ಹತ್ತಿರ ಕಣಗಿಲೆ ನೆಡಬಾರದು. ಎಲೆ ಬಿದ್ದ ನೀರೂ ಅಪಾಯ. ಸವರಿದ ದಿನವೇ ಎಲ್ಲ ಸೊಪ್ಪು ಗುಂಡಿಯಲ್ಲಿ ಆಳಕ್ಕೆ ಹೂಳಬೇಕು. ಸುಡಬಾರದು, ಹೊಗೆಯೂ ಕೆಟ್ಟದ್ದು. ಕಡ್ಡಿಯಿಂದ ಹಲ್ಲುಜ್ಜುವುದು, ಮಕ್ಕಳು ಬಾಯಿಗಿಟ್ಟುಕೊಳ್ಳುವುದು ಕೂಡದು. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ದನವೇ ಆಗಲಿ ಮನುಷ್ಯರೇ ಆಗಲಿ ತಿಂದರೆಂದು ಅನುಮಾನ ಬಂದರೆ, ಮನೆಮದ್ದು ಮಾಡುತ್ತ ಕೂರದೆ ಎಲೆಯ ಸಮೇತ ಡಾಕ್ಟರಿಗೆ ತಿಳಿಸಬೇಕು. ಹಳದಿ ಹೂವಿನ ಕಾಡುಕಣಗಿಲೆ ಬೇರೆ ಗಿಡ. ವಿಷ ಅದರಲ್ಲೂ ಇದೆ, ಎಚ್ಚರ ಅದಕ್ಕೂ ಬೇಕು.

ಈ ದಿನ ಕಣಗಿಲೆ ಕಡ್ಡಿ ಬೇಕು ಅಂದವರಿಗೆ ಕೊಡುತ್ತೇವೆ. ಆದರೆ ಮೊದಲು ನಿಮ್ಮ ಕೊಟ್ಟಿಗೆ ಎಲ್ಲಿದೆ ಅಂತ ಕೇಳುತ್ತೇವೆ. ಬೇಸರ ಮಾಡಿಕೊಳ್ಳಬೇಡಿ. ಆ ತಾಯಿ ಇವತ್ತೂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.