ದೇಹೂ ರೋಡಿನಲ್ಲಿ ಇಳಿದುಕೊಳ್ಳಿ



ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ರೈಲಿನಲ್ಲಿ ನೀವು ಒಮ್ಮೆಯಾದರೂ ಕೂತಿರುತ್ತೀರಿ. ಶಿವಾಜಿನಗರ, ಖಡಕಿ, ದಾಪೋಡಿ, ಕಾಸಾರವಾಡಿ, ಪಿಂಪ್ರಿ, ಚಿಂಚವಡ, ಆಕುರ್ಡಿ. ಆಕುರ್ಡಿ ದಾಟಿದ ಮೇಲೆ ಕಟ್ಟಡಗಳ ಸಾಲು ಸ್ವಲ್ಪ ಬಿಡುವು ಕೊಡುತ್ತದೆ. ಮರಗಳು, ಉದ್ದನೆಯ ಗೋಡೆ, ಮುಳ್ಳುತಂತಿ, ಫೋಟೋ ತೆಗೆಯಬಾರದೆಂಬ ಮಿಲಿಟರಿ ಫಲಕ ಕಾಣುತ್ತವೆ. ಆಮೇಲೆ ಬರುವ ಸ್ಟೇಷನ್ನೇ ದೇಹೂ ರೋಡ್. ನಾನು ಇಪ್ಪತ್ತೆರಡು ವರ್ಷ ಆ ಹೆಸರನ್ನು ಕಿಟಕಿಯಿಂದ ಓದಿದ್ದೇನೆ, ಇಳಿದಿರಲಿಲ್ಲ. ಹೆಸರಿನಲ್ಲೇ 'ರೋಡ್' ಇದೆಯಲ್ಲ, ಎಲ್ಲಿಗೋ ಹೋಗುವ ದಾರಿ ಇದು, ಇದೇ ಒಂದು ಊರಲ್ಲ ಎಂದುಕೊಂಡಿದ್ದೆ. ನಮ್ಮ ಕಡೆ ಕುಂಬಳಗೋಡು, ಬಿಡದಿ ಎಂದರೆ ಬೆಂಗಳೂರಿನವರಿಗೆ ಹೇಗೋ ಹಾಗೆ.

ಇಳಿಸಿದವಳು ನನ್ನ ಅವ್ವ. ಅವಳಿಗೆ ಈಗ ಎಪ್ಪತ್ತೆಂಟು. ಬಿಜಾಪುರ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ಬಾಳಿ, ಈಗ ಮೊಣಕಾಲು ನೋವಿನಿಂದಾಗಿ ನಮ್ಮ ಫ್ಲಾಟಿಗೆ ಬಂದು ಸೇರಿದ್ದಾಳೆ. ಪಂಢರಪುರಕ್ಕೆ ಅವಳು ಹದಿನಾಲ್ಕು ಸಲ ಹೋಗಿದ್ದಾಳೆ. ಅದರಲ್ಲಿ ನಾಲ್ಕು ಸಲ ಕಾಲ್ನಡಿಗೆಯಲ್ಲಿ, ದಿಂಡಿಯ ಜೊತೆ. ಮರಾಠಿ ಮಾತ್ರ ಬರುವುದಿಲ್ಲ. ತುಕಾರಾಮರು ಅವಳಿಗೆ ಪರಿಚಯವಾದದ್ದು ರಾಜಕುಮಾರರ ಮೂಲಕ, 1963ರ 'ಸಂತ ತುಕಾರಾಂ' ಸಿನಿಮಾದಿಂದ. ಬಹುಶಃ ಇಂದಿಗೂ ಅವಳ ಮನಸ್ಸಿನಲ್ಲಿ ತುಕಾರಾಮರಿಗೆ ರಾಜಕುಮಾರರದೇ ಮೂಗು.

"ಇಷ್ಟ್ ಹತ್ರ ಇದ್ರೂ ದೇಹೂ ತೋರಿಸಲಿಲ್ಲಲ್ಲೋ ತಮ್ಮಾ" ಎಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಮುಂದಿನ ತಿಂಗಳು, ಮಳೆ ಮುಗಿಯಲಿ, ಮೊಮ್ಮಗನ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದೆ. ಕೊನೆಗೆ ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಹೊರಟೆವು.

ಮೊದಲು ಒಂದು ಗೊಂದಲ ತಿಳಿಯಾಗಲಿ. ದೇಹೂ ಬೇರೆ, ದೇಹೂ ರೋಡ್ ಬೇರೆ. ದೇಹೂ ಎಂಬುದು ಇಂದ್ರಾಯಣಿ ನದಿಯ ದಡದ ಹಳೆಯ ಊರು, ತುಕಾರಾಮರು 1608ರಲ್ಲಿ ಹುಟ್ಟಿದ ಊರು. ಅಲ್ಲಿಗೆ ಹೋಗುವವರು ಇಳಿಯಲೆಂದು ರೈಲಿನವರು ಇಟ್ಟ ಹೆಸರು ದೇಹೂ ರೋಡ್. ಎರಡರ ನಡುವೆ ಸುಮಾರು ಆರೇಳು ಕಿಲೋಮೀಟರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಸೈನ್ಯದ ದೊಡ್ಡ ಸರಂಜಾಮು ಡಿಪೋ ಬಂತು. ಡಿಪೋ ಬಂದಮೇಲೆ ಕೂಲಿಗಳು ಬಂದರು, ಗುಮಾಸ್ತರು ಬಂದರು, ದಕ್ಷಿಣದ ಎಲ್ಲ ಭಾಷೆಯವರೂ ಬಂದರು. ಹೀಗೆ ರಸ್ತೆಯೇ ಒಂದು ಊರಾಯಿತು, ದಂಡುಪ್ರದೇಶವಾಯಿತು. ಸ್ಟೇಷನ್ ಹೊರಗಿನ ಬಜಾರಿನಲ್ಲಿ ಹತ್ತು ನಿಮಿಷ ನಿಂತರೆ ಐದಾರು ಭಾಷೆ ಕಿವಿಗೆ ಬೀಳುತ್ತವೆ. ಇಡ್ಲಿ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಸ್ಟೇಷನ್ನಿಗೆ ಹತ್ತಿರದಲ್ಲೇ ಒಂದು ಬುದ್ಧವಿಹಾರವಿದೆ. ಮೊದಲು ಅದನ್ನು ನೋಡೋಣವೇ ಎಂದೆ. "ಮೊದಲ ವಿಠ್ಠಲ, ಆಮ್ಯಾಲ ಉಳಿದದ್ದು" ಎಂದಳು ಅವ್ವ. ಷೇರ್ ಆಟೋ ಹತ್ತಿದೆವು.

ದೇಹೂವಿನಲ್ಲಿ ನೀವು ನೋಡಲೇಬೇಕಾದದ್ದು ಒಂದು ಕಲ್ಲು. ತುಕಾರಾಮರ ಕಥೆಯಲ್ಲಿ ಇಂದ್ರಾಯಣಿಗೆ ಎರಡು ಸಲ ಕಾಗದ ಬೀಳುತ್ತದೆ. ಮೊದಲನೆಯದನ್ನು ಅವರೇ ಹಾಕಿದ್ದು. 1630ರ ಭೀಕರ ಬರದಲ್ಲಿ ವ್ಯಾಪಾರ ಮುಳುಗಿ, ಮೊದಲ ಹೆಂಡತಿ ತೀರಿಕೊಂಡು, ಮನೆ ಒಡೆದ ಮೇಲೆ, ಊರವರಿಂದ ಬರಬೇಕಿದ್ದ ಸಾಲದ ಪತ್ರಗಳಲ್ಲಿ ತಮ್ಮ ಪಾಲನ್ನು ನೀರಿಗೆ ಬಿಟ್ಟರಂತೆ. ಎರಡನೆಯದು ಬಲವಂತದ್ದು. ಶೂದ್ರನಾದವನು ಧರ್ಮದ ಮಾತನ್ನು ಹಾಡಬಾರದೆಂದು ಆಕ್ಷೇಪ ಬಂದು, ಅಭಂಗಗಳ ಹೊತ್ತಗೆಯನ್ನೇ ನದಿಗೆ ಹಾಕಬೇಕಾಯಿತು. ದಡದ ಬಂಡೆಯ ಮೇಲೆ ಹದಿಮೂರು ದಿನ ಅನ್ನನೀರು ಬಿಟ್ಟು ಕೂತರು, ಹೊತ್ತಗೆ ಒದ್ದೆಯಾಗದೆ ತೇಲಿಬಂತು ಎಂಬುದು ಪರಂಪರೆಯ ಮಾತು. ಸಾಲಪತ್ರ ಹೋಗಿಯೇ ಹೋಯಿತು, ಪದ ಮಾತ್ರ ಮರಳಿತು. ಆ ಬಂಡೆಗೆ ಈಗ ಶಿಲಾಮಂದಿರ, 2022ರ ಜೂನಿನಲ್ಲಿ ಹೊಸ ಕಟ್ಟಡದ ಉದ್ಘಾಟನೆಯಾಯಿತು. ಅವ್ವ ಕಲ್ಲಿಗೆ ಹಣೆ ಹಚ್ಚಿ ಎದ್ದಾಗ ಹಣೆಯ ತುಂಬ ಕಪ್ಪು ಬುಕ್ಕಾ.

ನದಿಯ ಬಗ್ಗೆ ಒಂದು ಎಚ್ಚರಿಕೆ. ದಡದಲ್ಲಿ ನಿಂತು ನೋಡಿ, ಆದರೆ ಮಳೆಗಾಲದಲ್ಲಿ ನೀರಿನ ಹತ್ತಿರ ಗುಂಪು ಸೇರಬೇಡಿ. ಇಲ್ಲಿಗೆ ದೂರವಲ್ಲದ ಕುಂಡಮಳಾದಲ್ಲಿ 2025ರ ಜೂನ್ 15ರಂದು ಹಳೆಯ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಸತ್ತರು. ರವಿವಾರವೆಂದು ಪ್ರವಾಹ ನೋಡಲು ಬಂದವರು ಆ ಸೇತುವೆಯ ತುಂಬ ನಿಂತಿದ್ದರು.

ದಡದ ಮೇಲೆಯೇ ಗಾಥಾ ಮಂದಿರ. ಇದು ಹೊಸ ಕಾಲದ ಕಟ್ಟಡ. ಗೋಡೆಗಳ ತುಂಬ ತುಕಾರಾಮರ ಅಭಂಗಗಳನ್ನು, ನಾಲ್ಕು ಸಾವಿರಕ್ಕೂ ಹೆಚ್ಚು, ಕಲ್ಲಿನಲ್ಲಿ ಕೆತ್ತಿದ್ದಾರೆ. ಶಿಲ್ಪದ ದೃಷ್ಟಿಯಿಂದ ನನಗೇನೂ ವಿಶೇಷ ಅನ್ನಿಸಲಿಲ್ಲ, ಆದರೆ ನೀರಿಗೆ ಹಾಕಿಸಿದ ಮಾತನ್ನು ಅದೇ ನೀರಿನ ದಡದಲ್ಲಿ ಕಲ್ಲಿಗೇರಿಸಿದ ಹಟ ಮೆಚ್ಚುಗೆಯಾಯಿತು.

ನಾನು ಅಲ್ಲಿ ಹುಡುಕುತ್ತಿದ್ದದ್ದು ಒಂದೇ ಒಂದು ಅಭಂಗ. ಕನ್ನಡಿಗರಾದ ನೀವೂ ಹುಡುಕಬೇಕಾದದ್ದು. ಕನ್ನಡತಿಯೊಬ್ಬಳು ಮರಾಠಾ ಗಂಡನನ್ನು ಕಟ್ಟಿಕೊಂಡ ಕಥೆ ಅದು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅವಳು ತನ್ನ ಭಾಷೆಯಲ್ಲಿ ಪ್ರೀತಿಯಿಂದ ಹತ್ತಿರ ಕರೆಯುತ್ತಾಳೆ. ಅವನು ಮತ್ತೇನೋ ತಿಳಿದುಕೊಂಡು ಓಡಿಹೋಗುತ್ತಾನೆ. ದೇವರೇ, ನನ್ನ ನಿನ್ನ ನಡುವೆ ಹೀಗಾಗದಿರಲಿ, ಸಜ್ಜನರ ಸಂಗ ಕೊಡು ಎಂದು ಬೇಡುವುದಕ್ಕೆ ತುಕಾರಾಮರು ಈ ದೃಷ್ಟಾಂತ ತಂದಿದ್ದಾರೆ. ಇಂದ್ರಾಯಣಿಯ ದಡದ ಅಂಗಡಿಕಾರನಿಗೆ ಹದಿನೇಳನೇ ಶತಮಾನದಲ್ಲೇ ಒಂದೆರಡು ಕನ್ನಡ ಮಾತು ಕಿವಿಗೆ ಬಿದ್ದಿತ್ತು ಎಂದಾಯಿತಲ್ಲ! ನಮ್ಮ ಮನೆಯಲ್ಲಿ ಸೊಸೆ ಮರಾಠಿಯವಳು, ಅತ್ತೆ ಕನ್ನಡದವಳು, ನಡುವೆ ನಾನು ದುಭಾಷಿ. ನನಗೆ ಆ ಅಭಂಗ ಬೇಕಾಗಿದ್ದದ್ದು ಅದಕ್ಕೇ.

ಮುಕ್ಕಾಲು ಗಂಟೆ ಗೋಡೆ ನೋಡಿದೆ, ಸಿಗಲಿಲ್ಲ. ಒಂಬತ್ತು ಗಜದ ಸೀರೆ ಉಟ್ಟ ವಯಸ್ಸಾದ ಬಾಯಿಯೊಬ್ಬರು ಏನು ಹುಡುಕುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. ಅವರು ಗೋಡೆಯ ಕಡೆ ನೋಡಲೂ ಇಲ್ಲ. ಕಣ್ಣು ಮುಚ್ಚಿ, ಕೈಯಲ್ಲೇ ತಾಳ ಹಾಕುತ್ತ, ಪೂರ್ತಿ ಅಭಂಗವನ್ನು ಹೇಳಿಬಿಟ್ಟರು. ಕಂಬಕ್ಕೆ ಒರಗಿ ಕೂತಿದ್ದ ಅವ್ವ ತಟ್ಟನೆ ನೆಟ್ಟಗಾದಳು.

"ಏ ತಮ್ಮಾ, ಇಲ್ಲಿ ಬಾ ಅಂದ್ಲಲ್ಲೋ ಆಕಿ!"

ಹೌದು. ಆ ಹೆಣ್ಣು ಗಂಡನನ್ನು ಕರೆಯುವ ಮಾತು ಅದೇ. ಬಾಯಿಯವರು ಅವ್ವನ ಪಕ್ಕದಲ್ಲಿ ಹೋಗಿ ಕೂತರು. ಇಬ್ಬರೂ ಅವರವರ ಭಾಷೆಯಲ್ಲಿ ಅರ್ಧ ಗಂಟೆ ಮಾತಾಡಿದರು. ಮೊಣಕಾಲಿನ ವಿಷಯ, ಸೊಸೆಯಂದಿರ ವಿಷಯ ಎಂದು ಕೈಸನ್ನೆಯಿಂದ ತಿಳಿಯಿತು. ನನ್ನನ್ನು ಯಾರೂ ದುಭಾಷಿಯಾಗಿ ಕರೆಯಲಿಲ್ಲ.

ವಿಠ್ಠಲ ಯಾರವನು ಎಂಬ ಪ್ರಶ್ನೆ ನಿಮಗೂ ಬಂದಿರುತ್ತದೆ. ಜ್ಞಾನೇಶ್ವರರ ಹೆಸರಿನ ಒಂದು ಅಭಂಗ ಅವನನ್ನು ಕನ್ನಡದವನು, ಕರ್ನಾಟಕದವನು ಎಂದೇ ಕರೆಯುತ್ತದೆ. ಹೊಯ್ಸಳರ ಸೋಮೇಶ್ವರ 1237ರಲ್ಲಿ ಪಂಢರಪುರದ ದೇವರಿಗೆ ದತ್ತಿ ಬಿಟ್ಟ ಶಾಸನ ಆ ಗುಡಿಯಲ್ಲೇ ಇದೆ. ಪುಣೆಯಲ್ಲೇ ಬಾಳಿದ ವಿದ್ವಾಂಸ ರಾ. ಚಿಂ. ಢೇರೆಯವರು 1984ರ 'ಶ್ರೀವಿಠ್ಠಲ: ಏಕ ಮಹಾಸಮನ್ವಯ' ಎಂಬ ಗ್ರಂಥದಲ್ಲಿ ಅವನ ಮೂಲವನ್ನು ದಕ್ಷಿಣದ ದನಗಾಹಿ ಕುರಿಗಾಹಿಗಳ ದೇವರಲ್ಲಿ ಹುಡುಕಿದರು. ನಾವು ಕನ್ನಡಿಗರು ಇದನ್ನೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ, ನಾನೂ ಹೇಳುತ್ತಿದ್ದೆ. ದೇಹೂ ರೋಡಿಗೆ ಮರಳಿ ಬಂದಮೇಲೆ ಆ ಉಬ್ಬು ಸ್ವಲ್ಪ ಇಳಿಯಿತು. ಯಾಕೆಂದು ಹೇಳುತ್ತೇನೆ.

ಲೋಕಲ್ ಬರಲು ಮುಕ್ಕಾಲು ಗಂಟೆಯಿತ್ತು. ಬುದ್ಧವಿಹಾರಕ್ಕೆ ಹೋದೆವು. ಇಲ್ಲಿನ ಬುದ್ಧಮೂರ್ತಿಯನ್ನು ಸ್ಥಾಪಿಸಿದವರು ಡಾ. ಬಾಬಾಸಾಹೇಬ ಅಂಬೇಡ್ಕರ್, 1954ರ ಡಿಸೆಂಬರ್ 25ರಂದು. ಆ ತಿಂಗಳಷ್ಟೇ ಅವರು ರಂಗೂನಿನ ಬೌದ್ಧ ಸಮ್ಮೇಳನಕ್ಕೆ ಹೋಗಿ ಬಂದಿದ್ದರು. ನಾಗಪುರದ ದೀಕ್ಷೆ ನಡೆದದ್ದು 1956ರ ಅಕ್ಟೋಬರ್ 14ರಂದು, ಅಂದರೆ ಇದು ಅದಕ್ಕಿಂತ ಸುಮಾರು ಎರಡು ವರ್ಷ ಮೊದಲು. ಅಂದಿನ ಭಾಷಣದಲ್ಲಿ ಅವರು ಪಂಢರಪುರದ ವಿಠೋಬ ಮೂಲತಃ ಬುದ್ಧನೇ ಎಂದರು, ಅದನ್ನು ಕುರಿತು ಪ್ರಬಂಧ ಬರೆಯುವುದಾಗಿಯೂ ಹೇಳಿದರು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ಇನ್ನೊಂದು ಸಂಗತಿ. ಈ ಗುಡಿಯನ್ನು ಇಲ್ಲಿನ ಮಹಾರ ಜನ ಮೊದಲು ಕಟ್ಟಿದ್ದು ಬುದ್ಧನಿಗಲ್ಲ, ಸಂತ ಚೋಖಾಮೇಳನಿಗೆ ಎಂದು ಇತಿಹಾಸಕಾರ್ತಿ ಎಲಿನರ್ ಝೆಲಿಯಟ್ ಬರೆದಿದ್ದಾರೆ. ಚೋಖಾಮೇಳ ಹದಿನಾಲ್ಕನೇ ಶತಮಾನದವನು, ಮಹಾರ ಕುಲದವನು. ಅವನು ಬಾಳಿದ ಮಂಗಳವೇಢೆ ನಮಗೆ ಹೊಸದಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದರೆಂದು ಹೇಳುವ ಮಂಗಳವಾಡ ಅದೇ. ಅಲ್ಲಿ ಗೋಡೆ ಕಟ್ಟುವ ಬಿಟ್ಟಿ ಕೆಲಸದಲ್ಲಿದ್ದಾಗ ಗೋಡೆ ಕುಸಿದು ಚೋಖಾ ಸತ್ತ. ಎಲುಬುಗಳಿಂದ ವಿಠ್ಠಲನ ಹೆಸರು ಕೇಳಿಸುತ್ತಿತ್ತು, ಅದರಿಂದಲೇ ನಾಮದೇವರು ಗುರುತು ಹಿಡಿದು ಪಂಢರಪುರಕ್ಕೆ ತಂದರು ಎಂಬ ಕಥೆಯಿದೆ. ಸಮಾಧಿ ಆದದ್ದು ಮಹಾದ್ವಾರದ ಹೊರಗೆ, ಮೆಟ್ಟಿಲ ಬುಡದಲ್ಲಿ. ಬದುಕಿದ್ದಾಗ ಒಳಗೆ ಬಿಟ್ಟಿರಲಿಲ್ಲ. ಅವನ ಜನರಿಗೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸಾನೆ ಗುರೂಜಿಯವರು ಉಪವಾಸ ಕೂತಮೇಲೆ.

ಅವ್ವನಿಗೆ ಇದನ್ನೆಲ್ಲ ಹೇಳಿದೆ. ಉಡುಪಿಯ ಕನಕನ ಕಿಂಡಿ ಗೊತ್ತಿದ್ದವಳು ಅವಳು, ಚೋಖೋಬಾನ ಸಮಾಧಿಗೂ ಹದಿನಾಲ್ಕು ಸಲ ಕೈಮುಗಿದವಳು. ಅದು ಅಲ್ಲೇ ಏಕೆ ಇದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದಳು.

ಆಮೇಲೆ ನಮ್ಮೂರ ವಿಠ್ಠಲನ ಗುಡಿಯ ಮಾತು ತೆಗೆದಳು. ಏಕಾದಶಿಯ ಭಜನೆಗೆ ಒಬ್ಬ ಹೆಣ್ಣುಮಗಳು ತಪ್ಪದೆ ಬರುತ್ತಿದ್ದಳಂತೆ, ರಾತ್ರಿಯೆಲ್ಲ ಬೇವಿನ ಮರದ ಕೆಳಗೆ ನಿಂತು ಕೇಳುತ್ತಿದ್ದಳಂತೆ. ಅವಳ ದನಿ ಎಲ್ಲರಿಗಿಂತ ಚೆನ್ನಾಗಿತ್ತಂತೆ. ಬೆಳಗಿನ ಪ್ರಸಾದವನ್ನು ಅವಳ ಸೆರಗಿಗೆ ಮೇಲಿನಿಂದ ಹಾಕುತ್ತಿದ್ದರು.

"ಯಾರು ಹಾಕತಿದ್ರವ್ವ?" ಎಂದೆ.

"ನಾನ ಹಾಕತಿದ್ದೆ" ಎಂದಳು. "ನನಗ ಆಗ ಹನ್ನೆರಡು ವರ್ಷ. ಮುಟ್ಟಬ್ಯಾಡ ಅಂತ ನಮ್ಮಪ್ಪ ಹೇಳಿದ್ದ. ಒಂದ್ಸಲ ಕೆಳಗ ಬಿತ್ತು. ಮಣ್ಣಾಗಿನಿಂದ ಆರಿಸಿಕೊಂಡು ತಿಂದ್ಲು."

ನಾನು ಹುಟ್ಟಿ ಬೆಳೆದ ಮನೆಯ ಕಥೆ ಇದು. ಐವತ್ತು ವರ್ಷದಲ್ಲಿ ಮೊದಲ ಸಲ ಕೇಳಿದೆ.

ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ. ನಡುಹಗಲಿನಲ್ಲಿ ಲೋಕಲ್‌ಗಳ ನಡುವೆ ಬಹಳ ಅಂತರವಿರುತ್ತದೆ, ವೇಳಾಪಟ್ಟಿ ನೋಡಿಕೊಳ್ಳಿ. ಮುಂಬಯಿಯಿಂದ ಬರುವವರು ಲೋಣಾವಳದಲ್ಲಿ ಇಳಿದು ಪುಣೆಯ ಲೋಕಲ್ ಹಿಡಿಯಿರಿ. ಕಾಲು ಗಟ್ಟಿಯಿದ್ದವರು ತಳೇಗಾಂವ ದಿಕ್ಕಿಗೆ, ಹಳೆಯ ಹೆದ್ದಾರಿಯ ಪಕ್ಕದ ಗುಡ್ಡದಲ್ಲಿರುವ ಘೋರಾವಡೇಶ್ವರದ ಗುಹೆಗಳನ್ನೂ ಹತ್ತಬಹುದು. ಬೌದ್ಧ ಭಿಕ್ಷುಗಳಿಗೆಂದು ಕೊರೆದ ಗುಹೆ, ಈಗ ಒಳಗೆ ಶಿವಲಿಂಗ. ತುಕಾರಾಮರು ಅಲ್ಲಿಗೂ ಧ್ಯಾನಕ್ಕೆ ಹೋಗುತ್ತಿದ್ದರೆಂದು ಹೇಳುತ್ತಾರೆ. ಅವ್ವನ ಮೊಣಕಾಲಿಗೆ ಅದು ಆಗದ ಮಾತು, ಆದ್ದರಿಂದ ನಾವು ಹೋಗಲಿಲ್ಲ. ಷರಾ ಬರೆಯಲು ನನಗೆ ಅಧಿಕಾರವಿಲ್ಲ.

ವಿಹಾರದಿಂದ ಹೊರಡುವಾಗ ಅವ್ವ ದೇಹೂವಿನಲ್ಲಿ ಕೊಂಡಿದ್ದ ಪೇಡೆಯ ಪೊಟ್ಟಣ ಬಿಚ್ಚಿದಳು. ಮೆಟ್ಟಿಲ ಮೇಲೆ ಆಡುತ್ತಿದ್ದ ಹುಡುಗಿಯೊಬ್ಬಳನ್ನು ನೋಡಿ "ಇಲ್ಲಿ ಬಾ" ಎಂದಳು. ಹುಡುಗಿ ಓಡಿಹೋಗಲಿಲ್ಲ, ಬಂದಳು. ಅವ್ವ ಅವಳ ಕೈ ಹಿಡಿದುಕೊಂಡು, ಅಂಗೈ ಬಿಡಿಸಿ, ಒಂದೊಂದಾಗಿ ಎಣಿಸಿ ಇಟ್ಟಳು. ಅಷ್ಟರಲ್ಲಿ ಲೋಕಲ್ ಬಂದು ಹೋಯಿತು. ಮುಂದಿನದಕ್ಕೆ ಒಂದೂವರೆ ಗಂಟೆ ಪ್ಲಾಟ್‌ಫಾರಂ ಮೇಲೆ ಕೂತೆವು.